ಬಿದ್ರಿ ಅಂಗಡಿಯ ವೆಬ್‌ಸೈಟಿಗೆ ಎಷ್ಟು ಬ್ಯಾಂಡ್‌ವಿಡ್ತ್ ಬೇಕು? ಮೂರು ಹೋಸ್ಟಿಂಗ್ ಬಳಸಿ ನೋಡಿದ ಮೇಲೆ

ಬೀದರಿನ ಚೌಬಾರದ ಹತ್ತಿರ ನಮ್ಮ ಮಾವನದು ಒಂದು ಚಿಕ್ಕ ಬಿದ್ರಿ ಅಂಗಡಿ. ಹೂದಾನಿ, ಬಳೆ, ಆನೆ, ಪೆನ್ ಸ್ಟ್ಯಾಂಡು. 2022ರಲ್ಲಿ ವೆಬ್‌ಸೈಟ್ ಮಾಡಿಕೊಡು ಅಂದರು. ಆಗಿನಿಂದ ಮೂರು ಥರದ ಹೋಸ್ಟಿಂಗ್ (ಸೈಟ್ ಇಡಲು ಸಿಗುವ ಸರ್ವರ್ ಜಾಗ) ಬಳಸಿ ನೋಡಿದ್ದೇನೆ.

ಮೊದಲನೆಯದು ತಿಂಗಳಿಗೆ ಇನ್ನೂರು ರೂಪಾಯಿ ಆಸುಪಾಸಿನ ಶೇರ್ಡ್ ಹೋಸ್ಟಿಂಗ್, ಅಂದರೆ ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವುದು. ‘ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್’ ಎಂದು ದೊಡ್ಡ ಅಕ್ಷರದಲ್ಲಿತ್ತು, ಅಂದರೆ ಸೈಟಿನಿಂದ ತಿಂಗಳಿಗೆ ಎಷ್ಟು ಡೇಟಾ ಹರಿದರೂ ಸರಿ. ಲೆಕ್ಕವೇ ಬೇಡ ಅಂದುಕೊಂಡು ಸೈಟ್ ಕಟ್ಟುವ ವರ್ಡ್‌ಪ್ರೆಸ್ ಹಾಕಿದೆ. ಮಾವ ಫೋನಿನಲ್ಲಿ ತೆಗೆದ ಫೋಟೊಗಳನ್ನು ಹಾಗೇ ಏರಿಸಿದೆ. ಒಂದೊಂದು 4 ಎಂಬಿ.

2023ರ ಗಣರಾಜ್ಯೋತ್ಸವದ ಹಿಂದಿನ ದಿನ ನಮ್ಮೂರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆ ವಾರ ನಮ್ಮ ಸೈಟಿಗೂ ಜನ ಬಂದರು. ಸೈಟ್ ಬಿತ್ತು. ತೆರೆಯ ಮೇಲೆ ಬಂದದ್ದು 508 ಎಂಬ ದೋಷಸಂಖ್ಯೆ. ಬ್ಯಾಂಡ್‌ವಿಡ್ತ್ ಮುಗಿದರೆ ಸಿಪ್ಯಾನೆಲ್ (ಹೋಸ್ಟಿಂಗ್ ನಿರ್ವಹಿಸುವ ಸಾಫ್ಟ್‌ವೇರ್) ತೋರಿಸುವುದು 509. ಅಂದರೆ ನಮ್ಮಲ್ಲಿ ಮುಗಿದದ್ದು ಬ್ಯಾಂಡ್‌ವಿಡ್ತ್ ಅಲ್ಲ! ನಮ್ಮ ಪ್ಲಾನಿನಲ್ಲಿ ಒಂದೇ ಹೊತ್ತಿಗೆ 20 ಪ್ರೊಸೆಸ್‌ಗೆ, ಅಂದರೆ ಸರ್ವರ್ ಮಾಡುವ 20 ಕೆಲಸಗಳಿಗೆ, ಮಾತ್ರ ಅವಕಾಶ ಇತ್ತು. ಅದು ಷರತ್ತುಗಳ ಪುಟದಲ್ಲಿ ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿ.

ಮಾವನಿಗೆ ಇದನ್ನು ಹೇಳಲು ನೌಬಾದಿನ ಕರೇಜ್ ನೆನಪಾಯಿತು. ನೆಲದಡಿಯ ಆ ಕಾಲುವೆಯಲ್ಲಿ ತಿಂಗಳಿಗೆ ಎಷ್ಟು ನೀರು ಹರಿಯುತ್ತದೆ ಎಂಬುದು ಒಂದು ಮಾತು. ಒಂದೇ ಹೊತ್ತಿಗೆ ಎಷ್ಟು ಕೊಡ ತುಂಬಬಹುದು ಎಂಬುದು ಇನ್ನೊಂದು. ಹೋಸ್ಟಿಂಗ್‌ನವರು ಮೊದಲನೆಯದನ್ನು ಜಾಹೀರಾತಿಗೆ ಹಾಕುತ್ತಾರೆ. ನಾವು ಮುಗ್ಗರಿಸುವುದು ಎರಡನೆಯದರಲ್ಲಿ.

ಆಮೇಲೆ ಕೂತು ಹಿಸಾಬು ಮಾಡಿದೆ. ದಿನಕ್ಕೆ 100 ಜನ, ಒಬ್ಬೊಬ್ಬರು 4 ಪುಟ, ತಿಂಗಳಿಗೆ 12,000 ಪುಟ. ಪುಟಕ್ಕೆ 12 ಫೋಟೊ, ಅಂದರೆ 48 ಎಂಬಿ. ಒಟ್ಟು 576 ಜಿಬಿ! ಒಂದು ಸಣ್ಣ ಅಂಗಡಿಗೆ ಇಷ್ಟಾ?

ಫೋಟೊಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರವಾದ ಫೋಟೊ ರೂಪಕ್ಕೆ ಬದಲಾಯಿಸಿದೆ. ಬಿದ್ರಿಯ ಕಪ್ಪು ಮೈ ಚೆನ್ನಾಗಿ ಚಿಕ್ಕದಾಗುತ್ತದೆ. ತೊಂದರೆ ಬೆಳ್ಳಿ ಎಳೆಗಳದ್ದು. ಗುಣಮಟ್ಟ 60ಕ್ಕೆ ಇಟ್ಟಾಗ ತೆಳ್ಳಗಿನ ತಾರಗಳು ಮಸುಕಾದವು. ‘ಇದು ನಮ್ಮ ಕೆಲಸವೇ ಅಲ್ಲ’ ಎಂದು ಮಾವ ಮುಖ ತಿರುಗಿಸಿದರು. 75ಕ್ಕೆ ಒಪ್ಪಿದರು. ಫೋಟೊಗೆ ಸುಮಾರು 150 ಕೆಬಿ, ಪುಟಕ್ಕೆ 1.8 ಎಂಬಿ, ತಿಂಗಳಿಗೆ 21.6 ಜಿಬಿ. ಜಾತ್ರೆಯಂಥ ದಿನಗಳಿಗೆ ಇದರ ಎರಡರಷ್ಟು ಹಿಡಿದರೂ 45 ಜಿಬಿ ಒಳಗೇ. ಅದೇ ಅಂಗಡಿ, ಅದೇ ಜನ.

ಇಷ್ಟಾದ ಮೇಲೆ ಡಿಜಿಟಲ್‌ಓಷನ್ ಎಂಬ ಕಂಪನಿಯಲ್ಲಿ ವಿಪಿಎಸ್ (ನಾವೇ ನೋಡಿಕೊಳ್ಳಬೇಕಾದ ವರ್ಚುವಲ್ ಸರ್ವರ್) ತೆಗೆದುಕೊಂಡೆ. ತಿಂಗಳಿಗೆ 6 ಡಾಲರ್, 1 ಜಿಬಿ ರ‍್ಯಾಮ್, ಹೊರಗೆ ಹೋಗುವ ಡೇಟಾ 1000 ಜಿಬಿ. ಅದು ಮೀರಿದರೆ ಜಿಬಿಗೆ ಒಂದು ಸೆಂಟ್. ಬೆಂಗಳೂರಿನಲ್ಲೇ ಸರ್ವರ್ ಸಿಗುತ್ತದೆ. ನನಗೆ ಇಷ್ಟವಾದದ್ದು ಲೆಕ್ಕ ಬಿಚ್ಚಿಟ್ಟಂತೆ ಇರುವುದು. ಗ್ರಾಫ್ ನೋಡಿದಾಗಲೇ ನನ್ನ ತಪ್ಪೂ ಕಂಡಿತು. ರಾತ್ರಿ ರಾತ್ರಿ 2 ಜಿಬಿ ಬ್ಯಾಕಪ್ಪನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೆ. ತಿಂಗಳಿಗೆ 60 ಜಿಬಿ. ಗಿರಾಕಿಗಳಿಗಿಂತ ನಾನೇ ಜಾಸ್ತಿ ತಿನ್ನುತ್ತಿದ್ದೆ! ಆದರೆ ಅಪ್‌ಡೇಟ್, ಫೈರ್‌ವಾಲ್, ಎಲ್ಲ ನನ್ನ ತಲೆ ಮೇಲೆ. ಮದುವೆಗೆಂದು ಹುಮನಾಬಾದಿಗೆ ಹೋದಾಗಲೂ ಮನಸ್ಸು ಸರ್ವರ್ ಕಡೆಗೇ.

ಮೂರನೆಯದು ಕ್ಲೌಡ್‌ಫ್ಲೇರ್ ಪೇಜಸ್, ಮೊದಲೇ ಸಿದ್ಧ ಮಾಡಿಟ್ಟ ಪುಟಗಳನ್ನು ಹಾಗೇ ಕಳಿಸುವ ಸೇವೆ. ಅಂಥದ್ದೇ ಗಿಟ್‌ಹಬ್ ಪೇಜಸ್ ಕೂಡ ಯೋಚಿಸಿದ್ದೆ. ಅಲ್ಲಿ ತಿಂಗಳಿಗೆ 100 ಜಿಬಿಯ ಮೆತ್ತನೆಯ, ಅಂದರೆ ಅಷ್ಟು ಕಟ್ಟುನಿಟ್ಟಲ್ಲದ, ಮಿತಿ ಇದೆ, ನಮಗೆ ಅದು ಸಾಕು. ಆದರೆ ಆನ್‌ಲೈನ್ ವ್ಯಾಪಾರಕ್ಕೆ ಬಳಸಬಾರದು ಎಂಬ ನಿಯಮ ಇದೆ, ಬಿಟ್ಟೆ. ಕ್ಲೌಡ್‌ಫ್ಲೇರ್‌ನಲ್ಲಿ ಇಂಥ ಸ್ಥಿರ ಪುಟಗಳಿಗೆ ಬ್ಯಾಂಡ್‌ವಿಡ್ತ್ ಲೆಕ್ಕವೇ ಇಲ್ಲ, ಉಚಿತ ಪ್ಲಾನಿನಲ್ಲೂ. ಒಂದು ಫೈಲ್ 25 ಎಂಬಿ ಮೀರಬಾರದು ಅಷ್ಟೇ. ಕುಶಲಕರ್ಮಿ ಬೀದರ್ ಕೋಟೆಯ ಮಣ್ಣಿನ ದ್ರಾವಣದಲ್ಲಿ ಹೂದಾನಿ ಅದ್ದುವ ವಿಡಿಯೊ 70 ಎಂಬಿ ಇತ್ತು, ಹೋಗಲಿಲ್ಲ. ಯೂಟ್ಯೂಬಿಗೆ ಹಾಕಿ ಪುಟದಲ್ಲಿ ಜೋಡಿಸಿದೆ. ಅದರ ಭಾರ ಅವರದೇ.

ಈಗ ಕ್ಯಾಟಲಾಗ್ ಪೂರ್ತಿ ಅಲ್ಲೇ ಇದೆ, ಆರ್ಡರ್ ವಾಟ್ಸಾಪಿನಲ್ಲಿ. ಮುಂದೆ ಆನ್‌ಲೈನ್ ಪಾವತಿ, ಸ್ಟಾಕ್ ಲೆಕ್ಕ ಬೇಕಾದರೆ ಮತ್ತೆ ವಿಪಿಎಸ್‌ಗೇ ಹೋಗುತ್ತೇನೆ. ಶೇರ್ಡ್ ಹೋಸ್ಟಿಂಗ್ ಕೆಟ್ಟದ್ದು ಅಂತಲ್ಲ. ಆದರೆ ಕೊಳ್ಳುವ ಮೊದಲು ಪ್ರೊಸೆಸ್ ಮಿತಿ, ಫೈಲುಗಳ ಸಂಖ್ಯೆಯ ಮಿತಿ ಎಷ್ಟು ಎಂದು ಕೇಳಿ. ಈಗಾಗಲೇ ಇದ್ದರೆ ಎಡಬ್ಲ್ಯೂಸ್ಟ್ಯಾಟ್ಸ್ (ಸೈಟಿಗೆ ಯಾರು ಬಂದರು ಎಂಬ ಲೆಕ್ಕ ತೋರಿಸುವ ಸಾಧನ) ತೆರೆದು ನೋಡಿ. ಜನ ನೋಡಿದ್ದು ಬೇರೆ, ಬಾಟ್‌ಗಳು (ತಾವಾಗಿಯೇ ಸೈಟುಗಳನ್ನು ಸುತ್ತುವ ಪ್ರೋಗ್ರಾಂಗಳು) ಎಳೆದದ್ದು ಬೇರೆ ಎಂದು ಅಲ್ಲಿ ಕಾಣುತ್ತದೆ. ನಮ್ಮದರಲ್ಲಿ ಬಾಟ್‌ಗಳ ಪಾಲೇ ಮೂರನೇ ಒಂದರಷ್ಟಿತ್ತು.

ಅಂದಹಾಗೆ, ಮಾವ ಮೊನ್ನೆ ಹೊಸ ಫೋನ್ ತಂದಿದ್ದಾರೆ. ಫೋಟೊ ಒಂದೊಂದೂ 9 ಎಂಬಿ.