ಹಸ್ತಪ್ರತಿ ಸ್ಪರ್ಧೆಗೆ ಕವಿತೆ ಕಳಿಸುವ ಮೊದಲು ಇದನ್ನು ಓದಿ

ಸಣ್ಣ ಪ್ರಕಾಶನವೊಂದು ನಡೆಸಿದ ಕವನ ಸಂಕಲನದ ಹಸ್ತಪ್ರತಿ ಸ್ಪರ್ಧೆಗೆ ಕಳೆದ ವರ್ಷ ಕವಿತೆ ಕಳಿಸಿದ್ದೆ. ಪ್ರಕಾಶನದ ಹೆಸರು ಬರೆಯುವುದಿಲ್ಲ, ಇದೇ ದಾರಿ ಹಿಡಿದವರು ಇನ್ನೂ ಇರಬಹುದು. ಪ್ರಕಟಣೆ ನೋಡೋಕೆ ಚೆನ್ನಾಗಿಯೇ ಇತ್ತು. ಪ್ರವೇಶ ಶುಲ್ಕ 500 ರೂಪಾಯಿ. ಗೆದ್ದವರ ಸಂಕಲನ ಪ್ರಕಾಶನದ ಖರ್ಚಿನಲ್ಲೇ ಅಚ್ಚು, ಬಿಡುಗಡೆ ಸಮಾರಂಭ, ಶಾಲು, ಹಾರ. ತೀರ್ಪುಗಾರರು ಯಾರು ಅಂದರೆ ‘ನಾಡಿನ ಹಿರಿಯ ಕವಿಗಳು’, ಅಷ್ಟೇ.

ಫಲಿತಾಂಶದ ದಿನ ದಾಟಿ ಎಷ್ಟೋ ವಾರ ಸುದ್ದಿಯಿಲ್ಲ. ಆಮೇಲೆ ಫೋನ್ ಬಂತು. “ಮೇಡಂ, ಮೊದಲ ಬಹುಮಾನ ಒಂದೇ ಅಂಕದಲ್ಲಿ ತಪ್ಪಿತು. ಆದ್ರೆ ತೀರ್ಪುಗಾರರಿಗೆ ನಿಮ್ಮ ಹಸ್ತಪ್ರತಿ ತುಂಬಾ ಹಿಡಿಸಿದೆ. ‘ಮೆಚ್ಚುಗೆ ಪಡೆದ ಕೃತಿ’ ಅಂತ ಮುಖಪುಟದಲ್ಲೇ ಹಾಕಿ ತರೋಣ. ನೀವು 200 ಪ್ರತಿ ತಗೊಂಡ್ರೆ ಸಾಕು.” ಮುಖಬೆಲೆ 150, ಅದರಲ್ಲಿ ಶೇ. 30 ರಿಯಾಯಿತಿ. ಲೆಕ್ಕ ಹಾಕಿದರೆ 21,000 ರೂಪಾಯಿ. ಐಎಸ್‌ಬಿಎನ್‌ಗೆ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ಅಂತ 2,000 ಬೇರೆ.

ಅನುಮಾನ ಶುರುವಾದದ್ದು ಈ ಐಎಸ್‌ಬಿಎನ್‌ನಿಂದಲೇ. ನಮ್ಮ ದೇಶದಲ್ಲಿ ಆ ಸಂಖ್ಯೆ ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಏಜೆನ್ಸಿ. ಅದಕ್ಕೆ ಒಂದು ಪೈಸೆ ಶುಲ್ಕವೂ ಇಲ್ಲ. ಲೇಖಕರೇ ಅರ್ಜಿ ಹಾಕಿ ಪಡೆಯಬಹುದು.

ಇದೇ ಸ್ಪರ್ಧೆಗೆ ಕಳಿಸಿದ್ದ ಗೆಳತಿಗೆ ಫೋನ್ ಮಾಡಿದೆ. ಅವಳಿಗೂ ಒಂದೇ ಅಂಕದಲ್ಲಿ ತಪ್ಪಿತ್ತು! ಇಬ್ಬರಿಗೂ ಬಂದ ಮೆಚ್ಚುಗೆ ಪತ್ರ ಪಕ್ಕಪಕ್ಕ ಇಟ್ಟು ನೋಡಿದೆವು. “ನಿಮ್ಮ ಕವಿತೆಗಳಲ್ಲಿ ಮಣ್ಣಿನ ವಾಸನೆಯಿದೆ, ಹಳ್ಳಿಯ ಬದುಕಿನ ಮಿಡಿತವಿದೆ.” ಒಂದಕ್ಷರವೂ ಆಚೀಚೆ ಇಲ್ಲ. ಅವಳು ಬರೆದದ್ದು ಪೂರ್ತಿ ಮೆಟ್ರೋ, ಆಫೀಸು, ಪಿಜಿ ರೂಮಿನ ಬಗ್ಗೆ. ನನ್ನ ಕವಿತೆಗಳಲ್ಲಿ ಮಣ್ಣು ಅಂತ ಇದ್ದದ್ದು ಬಾಲ್ಕನಿಯ ಕುಂಡದಲ್ಲಿ ಮಾತ್ರ. ಹಸ್ತಪ್ರತಿಯನ್ನು ಯಾರೂ ತೆರೆದೇ ನೋಡಿಲ್ಲ ಅನ್ನೋದು ದುಡ್ಡಿಗಿಂತ ಜಾಸ್ತಿ ಚುಚ್ಚಿತು.

ಪುಸ್ತಕ ಬೇಡ, ಶುಲ್ಕ ವಾಪಸ್ ಕೊಡಿ ಅಂದೆ. ತಕ್ಷಣ ದನಿ ಬದಲಾಯಿತು. “ನಿಯಮ ಓದಿಲ್ವಾ? ಸ್ಪರ್ಧೆಗೆ ಬಂದ ಕವಿತೆಗಳ ಹಕ್ಕು ನಮ್ಮದು. ಬೇರೆ ಕಡೆ ಕೊಡೋ ಹಾಗಿಲ್ಲ.” ಇಂಥ ಮಾತಿಗೆ ಹೆದರಬೇಡಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಬರಹದಲ್ಲಿ ಬರೆದು ಸಹಿ ಹಾಕಿ ಕೊಡದೆ ಹಕ್ಕು ಬೇರೆಯವರಿಗೆ ಹೋಗುವುದಿಲ್ಲ. ಸಹಿ ಹಾಕಿದ್ದರೂ ಎಷ್ಟು ಕಾಲಕ್ಕೆ ಅಂತ ಬರೆದಿಲ್ಲದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಹಾಗಾಗಿ ಪ್ರವೇಶ ಪತ್ರಕ್ಕೆ ಸಹಿ ಕೇಳಿದರೆ ಸಣ್ಣ ಅಕ್ಷರವನ್ನೂ ಬಿಡದೆ ಓದಿ. ನಾನು ಎಲ್ಲೂ ಸಹಿ ಹಾಕಿರಲಿಲ್ಲ. ಹಸ್ತಪ್ರತಿ ಹಿಂದಕ್ಕೆ ಪಡೆದಿದ್ದೇನೆ ಅಂತ ಇಮೇಲ್ ಹಾಕಿ ಸುಮ್ಮನಾದೆ. 500 ರೂಪಾಯಿ ಮಾತ್ರ ಬರಲಿಲ್ಲ.

ಶುಲ್ಕ ಕೇಳುವವರೆಲ್ಲ ಮೋಸಗಾರರು ಅಂತಲ್ಲ. ಕವನ ಸಂಕಲನ ಖರ್ಚಾಗೋದು ಕಷ್ಟ, ಸಣ್ಣ ಪ್ರಕಾಶಕರ ಪಾಡು ನನಗೂ ಗೊತ್ತು. ಲೇಖಕರಿಂದಲೇ ದುಡ್ಡು ಹಾಕಿಸಿ ಪುಸ್ತಕ ತರುವುದೂ ಹೊಸದೇನಲ್ಲ. ಅದನ್ನು ನೇರವಾಗಿ ಹೇಳಬಹುದಲ್ವಾ, ಸ್ಪರ್ಧೆಯ ವೇಷ ಯಾಕೆ? ಕಳಿಸುವ ಮೊದಲು ಹಿಂದಿನ ವರ್ಷ ಗೆದ್ದವರ ಹೆಸರು ಕೇಳಿ. ಸಾಧ್ಯವಾದರೆ ಅವರನ್ನೇ ಮಾತಾಡಿಸಿ, ಎಷ್ಟು ಪ್ರತಿ ಕೊಳ್ಳಬೇಕಾಯಿತು ಅಂತ ವಿಚಾರಿಸಿ. ಆ ಪುಸ್ತಕ ಅಂಗಡಿಯಲ್ಲಿ ಸಿಗುತ್ತಾ ಅಂತಲೂ ನೋಡಿ.

ಹಸ್ತಪ್ರತಿಗೇ ಕೊಡುವ ಮರ್ಯಾದಸ್ಥ ಬಹುಮಾನಗಳೂ ನಮ್ಮಲ್ಲಿವೆ. ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿ ಅಂಥದ್ದು. ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೂ ಪ್ರಯತ್ನಿಸಬಹುದು. ಅದಕ್ಕೆ ವಯಸ್ಸಿನ ಮಿತಿ ಇದೆ, ಅರ್ಜಿ ಕರೆದಾಗ ನೋಡಿಕೊಳ್ಳಿ.