ಕೆರೆಯಾಗಬಲ್ಲ ಉದ್ಯಾನ: ಕೋಪನ್‌ಹೇಗನ್ನಿನ ಎಂಗ್‌ಹೇವೆಪಾರ್ಕನ್

ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್ನಿನ ವೆಸ್ಟರ್‌ಬ್ರೋ ಬಡಾವಣೆಯಲ್ಲಿರುವ ಈ ಉದ್ಯಾನಕ್ಕೆ ಬಿಸಿಲಿರುವಾಗ ಹೋದವರಿಗೆ ಕಾಣುವುದು ಗುಲಾಬಿ ತೋಟ, ಒಂದು ಕೊಳ, ತಗ್ಗಿನಲ್ಲಿರುವ ಆಟದ ಅಂಗಣ ಮತ್ತು ಮೂರು ಬದಿಗಳಲ್ಲಿ ಜನ ಕುಳಿತಿರುವ ಗಿಡ್ಡ ಕಟ್ಟೆ. ಆದರೆ ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಆ ಕಟ್ಟೆಯೇ ಏರಿ, ಉದ್ಯಾನವೇ ಕೆರೆಯಂಗಳ.

2011ರ ಜುಲೈ 2ರಂದು ಸುಮಾರು ಎರಡು ಗಂಟೆಗಳಲ್ಲಿ ಸುರಿದ ಮಳೆ ಈ ನಗರದ ರಸ್ತೆಗಳನ್ನೂ ನೆಲಮಾಳಿಗೆಗಳನ್ನೂ ಮುಳುಗಿಸಿ ಕೋಟ್ಯಂತರ ಕ್ರೋನರ್ (ಡೆನ್ಮಾರ್ಕ್‌ನ ಹಣ) ನಷ್ಟ ಉಂಟುಮಾಡಿತು. ಮರುವರ್ಷವೇ ನಗರಾಡಳಿತ ಮೇಘಸ್ಫೋಟ ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸಿ, ಸುಮಾರು 300 ಕಾಮಗಾರಿಗಳನ್ನು 20 ವರ್ಷಗಳ ಅವಧಿಗೆ ಹಂಚಿತು. ಅವುಗಳಲ್ಲಿ ಎದ್ದು ಕಾಣುವ ಈ ಉದ್ಯಾನ 2019ರ ಕೊನೆಯಲ್ಲಿ ಮತ್ತೆ ತೆರೆಯಿತು.

ಇದರ ವಿನ್ಯಾಸ ನನಗೆ ಬಹಳ ಇಷ್ಟವಾಗಲು ಕಾರಣ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಬರಮಾಡಿಕೊಳ್ಳುವ ಅದರ ಕ್ರಮ. ದಿನನಿತ್ಯದ ಮಳೆಯಲ್ಲಿ ಸುತ್ತಲಿನ ಮನೆಗಳ ಮಾಡಿನ ನೀರು ನೆಲದಡಿಯ ತೊಟ್ಟಿ ಸೇರಿ ಮರುಬಳಕೆಗೆ ಸಿಗುತ್ತದೆ. ಮಳೆ ಜೋರಾದರೆ ತಗ್ಗಾಗಿ ನಿರ್ಮಿಸಿದ ಆಟದ ಅಂಗಣ ಮತ್ತು ತೋಟ ತುಂಬಿಕೊಳ್ಳುತ್ತವೆ. ಅಪರೂಪದ ಮಹಾಮಳೆ ಬಂದಾಗ ಮಾತ್ರ ಇಳಿಜಾರಿನ ಕೆಳಭಾಗವನ್ನು ಮೂರು ಕಡೆಯಿಂದ ಬಳಸಿರುವ ಏರಿಯೊಳಗೆ ಇಡೀ ಉದ್ಯಾನವೇ ನೀರು ಹಿಡಿಯುತ್ತದೆ. ಒಟ್ಟು ಸಾಮರ್ಥ್ಯ 22,600 ಘನ ಮೀಟರ್, ಅಂದರೆ ಬೆಂಗಳೂರಿನವರಿಗೆ ಚಿರಪರಿಚಿತವಾದ 6,000 ಲೀಟರ್ ಟ್ಯಾಂಕರ್‌ಗಳಲ್ಲಿ 3,700ಕ್ಕೂ ಹೆಚ್ಚು. ಟ್ರೆಡ್ಯೆ ನಾಟೂರ್ ಸಂಸ್ಥೆಯ ವಿನ್ಯಾಸಕಾರರು ಇಷ್ಟನ್ನೂ 1920ರ ದಶಕದ ಹಳೆಯ ಉದ್ಯಾನದ ಸಮಮಿತಿಗೆ ಧಕ್ಕೆ ತಾರದೆ ಸಾಧಿಸಿದ್ದಾರೆ.

ವಿನ್ಯಾಸಕ್ಕಿಂತಲೂ ಮೆಚ್ಚಬೇಕಾದದ್ದು ಹಣದ ವ್ಯವಸ್ಥೆ. ಕೊಳವೆಗಳಿಗೆ ಮಾತ್ರವಲ್ಲದೆ, ಮಳೆನೀರು ಹಿಡಿಯುವ ರಸ್ತೆ ಮತ್ತು ಉದ್ಯಾನಗಳಿಗೂ ನೀರಿನ ಶುಲ್ಕದ ಹಣ ಬಳಸಲು ಡೆನ್ಮಾರ್ಕ್ ತನ್ನ ನಿಯಮಗಳನ್ನು ಬದಲಿಸಿತು. ಯಾವ ಕೆಲಸಕ್ಕೆ ಯಾರು ಹಣ ಕೊಡಬೇಕು ಎಂಬುದು ಹೀಗೆ ಮೊದಲೇ ತೀರ್ಮಾನವಾಗಿದ್ದರಿಂದಲೇ ಯೋಜನೆ ಕಾಗದದಿಂದ ನೆಲಕ್ಕಿಳಿಯಿತು ಎಂದು ನನ್ನ ನಂಬಿಕೆ. ಬೆಂಗಳೂರು 2023ರ ನವೆಂಬರ್‌ನಲ್ಲಿ ತನ್ನ ಹವಾಮಾನ ಕ್ರಿಯಾ ಯೋಜನೆಯನ್ನು ಪ್ರಕಟಿಸಿದೆ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹರಿಯುವ ಸರಣಿಯನ್ನು ಶತಮಾನಗಳ ಹಿಂದೆಯೇ ಕಟ್ಟಿದ ನಾಡಿಗೆ ಈ ಉದ್ಯಾನದ ತತ್ತ್ವ ಹೊಸದೇನಲ್ಲ. ಬೆಂಗಳೂರಿನಿಂದ ಬಂದವಳಾಗಿ ನಾನು ಹೆಚ್ಚು ಹೊತ್ತು ಯೋಚಿಸಿದ್ದು ಈ ಹಣದ ದಾರಿಯನ್ನೇ.

ಕೊರತೆ ಇಲ್ಲವೆಂದಲ್ಲ. ತೊಟ್ಟಿ ನೆಲದಡಿಯಲ್ಲಿರುವುದರಿಂದ, ಮೊದಲೇ ಓದಿಕೊಂಡು ಹೋಗದವರಿಗೆ ಒಣ ದಿನದಲ್ಲಿ ಇದರ ಕೆಲಸ ಅರ್ಥವಾಗುವುದು ಕಷ್ಟ. ಒಂದೇ ಉದ್ಯಾನ ಬಡಾವಣೆಯನ್ನು ಕಾಯುತ್ತದೆ ಎಂದೂ ಭಾವಿಸಬಾರದು; ಹೆಚ್ಚುವರಿ ನೀರನ್ನು ಬಂದರಿನತ್ತ ಸಾಗಿಸುವ ಸುರಂಗವೂ ಅದೇ ಯೋಜನೆಯ ಅಂಗ.

ಪ್ರವೇಶ ಉಚಿತ. ಮೆಟ್ರೋದಲ್ಲಿ ಎಂಗ್‌ಹೇವೆ ಪ್ಲಾಡ್ಸ್ ನಿಲ್ದಾಣಕ್ಕೆ ಬಂದರೆ ಅಲ್ಲಿಂದ ಸ್ವಲ್ಪವೇ ನಡಿಗೆ. ಸಾಧ್ಯವಾದರೆ ಮಳೆ ನಿಂತ ಕೂಡಲೇ ಹೋಗಿ, ತಗ್ಗಿನ ಅಂಗಣದ ಬಳಿ ಸ್ವಲ್ಪ ಹೊತ್ತು ನಿಲ್ಲಿ.