ಕ್ಯಾಲಿಪರ್ ಬಣ್ಣದ ಎಪಾಕ್ಸಿ ಕಿಟ್: ಹಚ್ಚಿ ಬಹುಕಾಲವಾದ ಮೇಲೆ ಬರೆದದ್ದು

ಬಣ್ಣ ಹಚ್ಚಿದ ಮರುದಿನವೇ ಬರೆಯುವ ವಿಮರ್ಶೆಗಳಲ್ಲಿ ನನಗೆ ನಂಬಿಕೆಯಿಲ್ಲ. ಮೊದಲ ವಾರ ಯಾವ ಬಣ್ಣವಾದರೂ ಹೊಳೆಯುತ್ತದೆ. ಕ್ಯಾಲಿಪರ್ ಅಂದರೆ ಬ್ರೇಕ್ ಪ್ಯಾಡ್‌ಗಳನ್ನು ಚಕ್ರದ ಡಿಸ್ಕಿಗೆ ಒತ್ತುವ ಭಾಗ. ಅದಕ್ಕೆ ನಾನು ಬಳಸಿದ್ದು ಕುಂಚದಿಂದ ಹಚ್ಚುವ ಎಪಾಕ್ಸಿ ಕಿಟ್. ಕೆಂಪು ಬಣ್ಣ ಒಂದು ಡಬ್ಬಿಯಲ್ಲಿ, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಇನ್ನೊಂದರಲ್ಲಿ ಬರುತ್ತದೆ. ಹಚ್ಚಿ ವರ್ಷಗಳೇ ಕಳೆದಿವೆ, ನಡುವೆ ಬ್ರೇಕ್ ಪ್ಯಾಡ್ ಬದಲಾಯಿಸಿದ್ದೂ ಆಗಿದೆ. ಈಗ ಅದರ ಗುಣ ದೋಷ ಎರಡೂ ಕಣ್ಣಿಗೆ ಕಾಣುತ್ತಿವೆ.

ಕೊಳ್ಳುವವರು ಮೊದಲು ನೋಡುವುದು ಡಬ್ಬಿಯ ಮೇಲಿನ ಉಷ್ಣತೆಯ ಅಂಕಿಯನ್ನು. ಕೆಲವು ಸ್ಪ್ರೇ ಬಣ್ಣಗಳು 480 ಡಿಗ್ರಿ ಸೆಲ್ಸಿಯಸ್ ತನಕ ತಾಳುತ್ತೇವೆ ಎನ್ನುತ್ತವೆ. ಎಪಾಕ್ಸಿಯ ಅಂಕಿ ಅದಕ್ಕಿಂತ ಬಹಳ ಕಡಿಮೆ. ಇದಕ್ಕೆ ಹಿಂಜರಿಯಬೇಕಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂಬುದು ನಿಯಮ. ತೇವಾಂಶ ಹೀರಿಕೊಂಡ ದ್ರವಕ್ಕೆ ಆ ಮಿತಿ 155 ಮಾತ್ರ. ಕ್ಯಾಲಿಪರ್ ನಿಜವಾಗಿಯೂ 300 ಡಿಗ್ರಿಗೆ ಕಾದರೆ ಒಳಗಿನ ದ್ರವ ಕುದಿದು ಪೆಡಲ್ ನೆಲಕ್ಕಿಳಿಯುತ್ತದೆ, ಆಗ ಬಣ್ಣದ ಚಿಂತೆ ಯಾರಿಗೂ ಇರುವುದಿಲ್ಲ. ಕೆಂಪಗೆ ಕಾಯುವುದು ಡಿಸ್ಕ್. ಕ್ಯಾಲಿಪರ್ ಮೇಲಿನ ಬಣ್ಣ ಹಾಳಾಗುವುದು ಹೆಚ್ಚಾಗಿ ಚೆಲ್ಲಿದ ಬ್ರೇಕ್ ದ್ರವದಿಂದ, ಚಕ್ರ ತೊಳೆಯುವ ಆಮ್ಲದಿಂದ ಮತ್ತು ಅಡಿಯಲ್ಲೇ ಉಳಿಸಿದ ತುಕ್ಕಿನಿಂದ. ಮೊದಲೆರಡಕ್ಕೆ ಎಪಾಕ್ಸಿ ಸುಲಭವಾಗಿ ಬಗ್ಗುವುದಿಲ್ಲ. ಮೂರನೆಯದಕ್ಕೆ ಯಾವ ಕಿಟ್ ಕೂಡ ಉತ್ತರವಲ್ಲ, ಅಲ್ಲಿ ದುಡಿಯಬೇಕಾದದ್ದು ನಿಮ್ಮ ಕೈ.

ಬೇರೇನನ್ನೂ ಬಿಚ್ಚದೆ, ಚಕ್ರವನ್ನಷ್ಟೇ ತೆಗೆದು ಹಚ್ಚಿಬಿಡಬಹುದು ಎನ್ನುತ್ತದೆ ಕಿಟ್‌ನೊಂದಿಗೆ ಬರುವ ಕೈಪಿಡಿ. ಹಾಗೆ ಮಾಡಿದರೆ ಕಣ್ಣಿಗೆ ಕಾಣುವ ಮುಖವಷ್ಟೇ ಕೆಂಪಾಗುತ್ತದೆ. ಕಾರನ್ನು ಜಾಕ್ ಮೇಲಲ್ಲ, ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಕ್ಯಾಲಿಪರನ್ನು ಹಿಡಿದಿಡುವ ಗೈಡ್ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಹೊರತೆಗೆಯುವುದೇ ಸರಿ. ಬ್ರೇಕ್ ದ್ರವ ಬರುವ ಹೋಸ್ ಕಳಚಬೇಡಿ, ದ್ರವದ ದಾರಿ ತೆರೆಯದಿದ್ದರೆ ಗಾಳಿ ತೆಗೆಯುವ ಕೆಲಸವೂ ಇಲ್ಲ. ಆದರೆ ಕ್ಯಾಲಿಪರಿನ ಭಾರ ಹೋಸ್ ಮೇಲೆ ಬೀಳದಂತೆ ಅದನ್ನು ಸಸ್ಪೆನ್ಷನ್ ಸ್ಪ್ರಿಂಗಿಗೆ ತಂತಿಯಿಂದ ತೂಗುಹಾಕಬೇಕು.

ಹಳೆಯ ಬಣ್ಣ ಕಳೆಯಲು ರಾಸಾಯನಿಕ ಜೆಲ್ ಸುಲಭವೆಂದು ತೋರುತ್ತದೆ. ಪ್ಯಾಡನ್ನು ತಳ್ಳುವ ಪಿಸ್ಟನ್ ಸುತ್ತಲಿನ ರಬ್ಬರ್ ಹೊದಿಕೆ ಜಾಗದಲ್ಲೇ ಇರುವಾಗ ನಾನಂತೂ ಅದನ್ನು ಹತ್ತಿರ ತರುವುದಿಲ್ಲ. ಕಾಸ್ಟಿಕ್ ಸೋಡಾ ಇರುವ ದ್ರಾವಣವಾದರೆ ಅಲ್ಯೂಮಿನಿಯಂ ಕ್ಯಾಲಿಪರನ್ನೇ ತಿನ್ನುತ್ತದೆ. ಪೆಟ್ರೋಲ್, ಸೀಮೆಎಣ್ಣೆಗಳೂ ಬೇಡ, ರಬ್ಬರ್ ಉಬ್ಬುತ್ತದೆ. ಎರಕದ ಕಬ್ಬಿಣಕ್ಕೆ ತಂತಿ ಬ್ರಷ್ಷೇ ಸಾಕು: ಬಯಲು ಜಾಗಕ್ಕೆ ಡ್ರಿಲ್‌ಗೆ ಸಿಕ್ಕಿಸುವಂಥದ್ದು, ಸಂದುಗಳಿಗೆ ಕೈಯದ್ದು, ಕೊನೆಗೆ ಉಜ್ಜುಕಾಗದ. ಡ್ರಿಲ್ ಬ್ರಷ್ಷಿನ ತಂತಿಗಳು ಮುರಿದು ಹಾರುತ್ತವೆ, ಕನ್ನಡಕ ತಪ್ಪಿಸಬೇಡಿ. ಬ್ರೇಕಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಮಾಡಿ ಒರೆಸಿ; ಹಳೆಯ ಪ್ಯಾಡ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯುಂಟು. ಕೊನೆಯದಾಗಿ ಬ್ರೇಕ್ ಕ್ಲೀನರ್‌ನಲ್ಲಿ ಅದ್ದಿದ ಬಟ್ಟೆಯಿಂದ, ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಒರೆಸಬೇಕು. ಬೇಸರದ ಕೆಲಸ, ಒಪ್ಪುತ್ತೇನೆ. ಇಡೀ ಕೆಲಸದ ಮುಕ್ಕಾಲು ಪಾಲು ಇದೇ.

ಟೇಪ್ ಅಂಟಿಸಬೇಕಾದ ಜಾಗಗಳನ್ನು ಕೈಪಿಡಿ ಅರ್ಧ ಸಾಲಿನಲ್ಲಿ ಮುಗಿಸುತ್ತದೆ. ಪ್ಯಾಡ್ ಜಾರುವ ಅಂಚುಗಳು, ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್, ಬೋಲ್ಟ್ ಕೂರುವ ಮುಖಗಳು, ರಬ್ಬರ್ ಭಾಗಗಳು, ಇವುಗಳಿಗೆ ಬಣ್ಣ ತಾಗಲೇಬಾರದು. ಪ್ಯಾಡ್ ಜಾರುವ ಅಂಚಿನಲ್ಲಿ ಬಣ್ಣ ದಪ್ಪವಾಗಿ ಕೂತರೆ ಪ್ಯಾಡ್ ಸಿಕ್ಕಿಕೊಂಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಹಚ್ಚುವುದು ಸಲೀಸು. ಹಾರ್ಡನರ್ ಬೆರೆಸಿದ ಮೇಲೆ ಬಣ್ಣ ತಾನಾಗಿಯೇ ಗಟ್ಟಿಯಾಗತೊಡಗುತ್ತದೆ, ಆದ್ದರಿಂದ ಆಗ ಬೇಕಾದಷ್ಟನ್ನೇ ಬೆರೆಸಿ. ಮೊದಲ ಪದರ ಮಚ್ಚೆ ಮಚ್ಚೆಯಾಗಿ ಕಂಡರೆ ಗಾಬರಿಯಿಲ್ಲ, ಎರಡನೆಯದು ಮುಚ್ಚುತ್ತದೆ. ಕುಂಚದ ಗೆರೆಗಳು ಒಣಗುವಷ್ಟರಲ್ಲಿ ಮಾಯವಾದದ್ದು ಕಂಡು ನನಗೇ ಅಚ್ಚರಿಯಾಯಿತು. ಮತ್ತೆ ಜೋಡಿಸುವಾಗ ಬೋಲ್ಟ್‌ಗಳಿಗೆ ಬಿಗಿತವನ್ನು ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಬಳಸಿ, ಕಾರು ಚಲಾಯಿಸುವ ಮೊದಲು ಬ್ರೇಕ್ ಪೆಡಲನ್ನು ಅದು ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಿ.

ಇಂದಿನ ಸ್ಥಿತಿ ಹೀಗಿದೆ: ಸಮತಟ್ಟಾದ ಮೇಲ್ಮೈಗಳು ಇನ್ನೂ ಹೊಳೆಯುತ್ತಿವೆ, ಧೂಳು ಒದ್ದೆ ಬಟ್ಟೆಗೇ ಬರುತ್ತದೆ. ಕೆಂಪು ತುಸು ಮಂಕಾಗಿದೆ. ಪ್ಯಾಡ್ ಬದಲಾಯಿಸುವಾಗ ಸ್ಪ್ಯಾನರ್ ತಾಗಿದ ಮೂಲೆಯಲ್ಲಿ ಚಕ್ಕೆ ಎದ್ದಿದೆ. ಈ ಬಣ್ಣ ಗಟ್ಟಿ, ಆದರೆ ಪೆಡಸು. ಕ್ಯಾಲಿಪರ್ ಕೂರುವ ಬ್ರಾಕೆಟ್‌ನಲ್ಲಿ ಬಣ್ಣ ಮುಗಿದು ಬರಿಯ ಕಬ್ಬಿಣ ಶುರುವಾಗುವ ಗೆರೆಯಗುಂಟ ತುಕ್ಕು ಒಳನುಗ್ಗಿ ಸಣ್ಣ ಗುಳ್ಳೆಗಳಾಗಿವೆ. ಹಿಂದಿನ ಚಕ್ರಗಳಲ್ಲಿ ಇದು ಹೆಚ್ಚು.

ಎರಕದ ಕಬ್ಬಿಣದ ಕ್ಯಾಲಿಪರಿಗೆ ಇದೇ ಕಿಟ್ಟನ್ನು ಮತ್ತೆ ಕೊಳ್ಳುತ್ತೇನೆ. ಬರಿಯ ಅಲ್ಯೂಮಿನಿಯಂ ಆದರೆ ಅದಕ್ಕೆ ತಕ್ಕ ಪ್ರೈಮರ್ ಇಲ್ಲದೆ ನೇರವಾಗಿ ಹಚ್ಚುವುದಿಲ್ಲ. ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿಯಬೇಕೆನ್ನುವವರು ಸ್ಪ್ರೇ ಡಬ್ಬಿ ತೆಗೆದುಕೊಳ್ಳಲಿ. ಬ್ರೇಕ್ ದ್ರವದ ಹನಿ ಆ ಬಣ್ಣದ ಮೇಲೆ ಬೀಳದಂತೆ ಎಚ್ಚರವಿದ್ದರಾಯಿತು.